ಕಂಡಕ್ಟರ್ ದೇವದಾಸನ ಏಳು ದಿನದ ಸಾಲ

ಅರಂತೋಡಿನಿಂದ ಸುಳ್ಯದ ಮೇಲಾಗಿ ಪುತ್ತೂರಿಗೆ ಓಡುವ ಖಾಸಗಿ ಬಸ್ಸಿನಲ್ಲಿ ದೇವದಾಸ ಹನ್ನೊಂದು ವರ್ಷದಿಂದ ಕಂಡಕ್ಟರು. ಟಿಕೆಟ್ ಹರಿಯುವುದು ಅವನ ಅರ್ಧ ಕೆಲಸ ಅಷ್ಟೇ. ಉಳಿದರ್ಧ, ದಾರಿಯುದ್ದದ ಜನರ ಪೇಟೆ ಕೆಲಸ. ಬೆಳಗ್ಗೆ ಅವನ ಕೈಗೆ ಚೀಟಿ, ದುಡ್ಡು ಕೊಟ್ಟರೆ ಸಂಜೆಯ ಟ್ರಿಪ್ಪಿನಲ್ಲಿ ಮದ್ದೋ, ಮಿಕ್ಸಿಯ ಬ್ಲೇಡೋ, ಹೊಲಿಯಲು ಕೊಟ್ಟ ರವಿಕೆಯೋ ಬಂದು ಇಳಿಯುತ್ತಿತ್ತು. ಹಾಗಾಗಿ ಅವನ ಫೋನಿನಲ್ಲಿ ಆರುನೂರು ಹೆಸರು: ‘ಕನಕಮಜಲು ಶುಗರ್ ಮದ್ದು’, ‘ಕಾವು ಟೈಲರಕ್ಕ’, ಹೀಗೆ. ಈ ಹೆಸರುಗಳೇ ಕೊನೆಗೆ ಅವನ ಕುತ್ತಿಗೆಗೆ ಬಂದವು.

ಆದದ್ದು ಇಷ್ಟು. ಕಳೆದ ಮಳೆಗಾಲ ಬಸ್ಸಿನ ಎಂಜಿನ್ ಕೈಕೊಟ್ಟು ಹನ್ನೆರಡು ದಿನ ಗ್ಯಾರೇಜಿನಲ್ಲಿ ಕೂತಿತು. ಬಸ್ ಓಡದಿದ್ದರೆ ಕಂಡಕ್ಟರಿಗೆ ಸಂಬಳವೂ ಇಲ್ಲ, ಭತ್ತೆಯೂ ಇಲ್ಲ. ಮನೆಯಲ್ಲಿ ಗ್ಯಾಸ್ ಬೇರೆ ಮುಗಿದಿತ್ತು. ಕೇಳಿದ್ದರೆ ದಾರಿಯಲ್ಲಿ ಹತ್ತು ಜನ ಕೊಡುತ್ತಿದ್ದರು. ಆದರೆ ಜನರ ದುಡ್ಡು ಕೈಯಲ್ಲಿ ಹಿಡಿಯುವವನೇ ಸಾಲಕ್ಕೆ ಕೈಚಾಚಿದರೆ ನಾಳೆ ಯಾರು ನಂಬುತ್ತಾರೆ ಎಂದು ಅವನ ಲೆಕ್ಕ. ಮಹಾ ಬುದ್ಧಿವಂತ! ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂದು ಫೋನಿನಲ್ಲಿ ಕಂಡ ಸಾಲದ ಆ್ಯಪ್ ಇಳಿಸಿಕೊಂಡ. ಅದು ಕೇಳಿದ್ದಕ್ಕೆಲ್ಲ ಸರಿ, ಸರಿ ಎಂದು ಒತ್ತುತ್ತಾ ಹೋದ. ಆರುನೂರು ಹೆಸರೂ ನಂಬರೂ ಆ್ಯಪಿನವರ ಕೈಗೆ ಹೋದವು.

ಐದು ಸಾವಿರದ ಸಾಲಕ್ಕೆ ಕೈಗೆ ಬಂದದ್ದು ಮೂರು ಸಾವಿರ. ಏಳನೇ ದಿನ ಪೂರ್ತಿ ಐದು ಕಟ್ಟಬೇಕು. ಅದನ್ನು ಕಟ್ಟಲು ಇನ್ನೊಂದು ಆ್ಯಪ್, ಆ ಇನ್ನೊಂದಕ್ಕೆ ಮತ್ತೊಂದು. ದೀಪಾವಳಿಯ ಹೊತ್ತಿಗೆ ಆರು ಆ್ಯಪ್ ಆಗಿದ್ದವು. ಫೋನ್ ಗುಂಯ್ ಅಂದರೆ ಸಾಕು, ಅವನು ಅದನ್ನು ಟಿಕೆಟ್ ಚೀಲದ ಅಡಿಗೆ ತುರುಕುತ್ತಿದ್ದ. ಅನ್ನ ಸೇರುತ್ತಿರಲಿಲ್ಲ. ಹೆಂಡತಿ ಸುಪ್ರಿತಾ ಕೇಳಿದರೆ ಗ್ಯಾಸ್ಟ್ರಿಕ್ ಎಂದು ಹಾರಿಸುತ್ತಿದ್ದ.

ಒಂದು ಮಂಗಳವಾರ ಜಾಲ್ಸೂರಿನ ಕೌಸಲ್ಯಕ್ಕ ಗಂಡನ ಹೃದಯದ ಮಾತ್ರೆ ತರಲು ಎರಡು ಸಾವಿರ ಕೊಟ್ಟರು. ಬಸ್ ಪುತ್ತೂರು ಸ್ಟ್ಯಾಂಡಿಗೆ ಬರುವಾಗ ಸಾಲದವನ ಫೋನ್. ಹತ್ತು ನಿಮಿಷದಲ್ಲಿ ಕಟ್ಟದಿದ್ದರೆ ನಿನ್ನ ಮುಖ ಅಂಟಿಸಿದ ಹೊಲಸು ಫೋಟೊ ನಿನ್ನ ಫೋನಿನ ಅಷ್ಟೂ ಜನರಿಗೆ ಹೋಗುತ್ತದೆ ಎಂದ. ದೇವದಾಸ ಮೊಬೈಲ್ ಅಂಗಡಿಗೆ ಓಡಿ ಆ ಎರಡು ಸಾವಿರವನ್ನೇ ಕಟ್ಟಿಸಿಬಿಟ್ಟ. ಸಂಜೆ ಜಾಲ್ಸೂರಿನಲ್ಲಿ, ಮದ್ದು ಸ್ಟಾಕ್ ಇಲ್ಲವಂತೆ, ನಾಳೆ ತರುತ್ತೇನೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿದ.

“ಅದಕ್ಕೆ ನೀನೆಂತ ಮಾಡುದು, ಪಾಪ,” ಎಂದು ಕೌಸಲ್ಯಕ್ಕ ಅವನಿಗೇ ಸಮಾಧಾನ ಹೇಳಿದರು.

ಆ ಮಾತನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಅರಂತೋಡಿನಲ್ಲಿ ಬಸ್ ಖಾಲಿಯಾದದ್ದೇ ಡ್ರೈವರ್ ಕಬೀರನ ಮುಂದೆ ಎಲ್ಲ ಕಕ್ಕಿ, ಗೊಳೋ ಎಂದು ಅತ್ತ. ಕಬೀರ ಮೊದಲು ಚೆನ್ನಾಗಿ ಬೈದ. ಆಮೇಲೆ ಕಿಸೆಯಿಂದ ಎರಡು ಸಾವಿರ ತೆಗೆದು, ಬೆಳಿಗ್ಗೆ ಸುಳ್ಯದಲ್ಲೇ ಆ ಮದ್ದು ತೆಗೆದುಕೋ ಎಂದ.

“ಇನ್ನು ಅವ್ರಿಗೆ ಒಂದು ರೂಪಾಯಿ ಕಟ್ಬೇಡ. ಅವ್ರ ಕೈಯಲ್ಲಿ ಇರುದು ನಿನ್ನ ನಾಚಿಕೆ ಮಾತ್ರ ಮಾರಾಯ. ಅವ್ರು ಹೇಳುವ ಮೊದ್ಲು ನೀನೇ ಹೇಳು.”

ಆ ರಾತ್ರಿಯೇ ಮೊದಲು ಸುಪ್ರಿತಾಳಿಗೆ ಹೇಳಿದ. ಸಾಲ ಮಾಡಿದ್ದಕ್ಕಲ್ಲ, ಗ್ಯಾಸ್ಟ್ರಿಕ್ ಎಂದು ಅಷ್ಟು ದಿನ ತನ್ನಿಂದ ಜೀರಿಗೆ ಕಷಾಯ ಕಾಯಿಸಿಕೊಂಡದ್ದಕ್ಕೆ ಅವಳು ಎರಡು ದಿನ ಮಾತು ಬಿಟ್ಟಳು. ಮರುದಿನ ಸ್ಟಾಪು ಸ್ಟಾಪಿನಲ್ಲೂ ಹೇಳುತ್ತಾ ಹೋದ. ಕನಕಮಜಲಿನವರು ನಕ್ಕರು. ಕಾವಿನ ಟೈಲರಕ್ಕ ಕೊಡಲೆಂದು ತಂದಿದ್ದ ಬಟ್ಟೆಯ ಕಟ್ಟನ್ನು ಸುಮ್ಮನೆ ಹಿಂದಕ್ಕೆ ಎಳೆದುಕೊಂಡರು. ಜಾಲ್ಸೂರಿನಲ್ಲಿ ಮದ್ದು ಕೈಗಿಟ್ಟು, ನಿನ್ನೆ ಹೇಳಿದ್ದು ಸುಳ್ಳು ಅಕ್ಕ ಎಂದಾಗ ಕೌಸಲ್ಯಕ್ಕ ಮದ್ದನ್ನು ಚೀಲಕ್ಕೆ ಹಾಕಿಕೊಂಡು ಮನೆಯ ಕಡೆ ನಡೆದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ದೇವದಾಸನಿಗೆ ಅನ್ನಿಸಿತು.

ಫೋಟೊ ಬಂದೇ ಬಂತು. ಆದರೆ ವಿಷಯ ಮೊದಲೇ ಗೊತ್ತಿದ್ದ ಜನ ಥೂ ಎಂದು ಅಳಿಸಿದರು. ದೇವದಾಸ ಠಾಣೆಯಲ್ಲಿ ದೂರು ಬರೆದುಕೊಟ್ಟ. ಸಾಲದವರು ಒಂದು ತಿಂಗಳು ಅರಚಿ ಸುಮ್ಮನಾದರು. ಕಬೀರನ ದುಡ್ಡು ಭತ್ತೆಯಲ್ಲಿ ತೀರಿತು. ದೇವದಾಸನಿಗೆ ಹಸಿವೂ ನಿದ್ದೆಯೂ ಬಂದವು. ಚೀಟಿ ಮಾತ್ರ ಬರಲಿಲ್ಲ. ಈಗ ಎಲ್ಲ ಆನ್‌ಲೈನಿನಲ್ಲಿ ತರಿಸುದು ಎಂದು ಜನ ಮುಖ ನೋಡದೆ ಹೇಳಿ ಬಸ್ ಹತ್ತುತ್ತಿದ್ದರು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನೋಯುತ್ತಿತ್ತು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಕೌಸಲ್ಯಕ್ಕ ಕಿಟಕಿಯಲ್ಲಿ ಚೀಟಿಯನ್ನೂ ನೋಟುಗಳನ್ನೂ ನೀಡಿದರು. ಸಂಜೆ ದೇವದಾಸ ಕೆಳಗಿಳಿದು ಮಾತ್ರೆ, ಬಿಲ್ಲು, ಉಳಿದ ಚಿಲ್ಲರೆ ಅವರ ಕೈಗಿಟ್ಟ. ಹನ್ನೊಂದು ವರ್ಷ ಬಿಚ್ಚಿಯೂ ನೋಡದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದವರು ಆ ದಿನ ರಸ್ತೆಯ ಬದಿಯಲ್ಲೇ ಕವರ್ ಬಿಚ್ಚಿ, ಬಿಲ್ಲು ಹಿಡಿದು, ಮಾತ್ರೆ ಒಂದೊಂದಾಗಿ ಎಣಿಸತೊಡಗಿದರು. ಇಡೀ ಬಸ್ ನೋಡುತ್ತಿತ್ತು. ದೇವದಾಸನ ಕಿವಿ ಬಿಸಿಯಾಯಿತು. ಕಬೀರ ಹೊರಡೋಣವಾ ಎಂಬಂತೆ ಹಾರ್ನ್ ಹಾಕಿದ. ದೇವದಾಸ ಸೀಟಿ ಊದಲಿಲ್ಲ.

“ನಿಧಾನ ಎಣಿಸಿ ಅಕ್ಕ,” ಎಂದ, “ಬಸ್ ನಿಲ್ತದೆ.”