ಹನ್ನೊಂದಲ್ಲ, ಹತ್ತೊಂಬತ್ತು

ನಮ್ಮ ಜಾಬ್ಝೆ ಊರಿನ ಕಲ್ಲಿದ್ದಲು ಪ್ರಯೋಗಾಲಯದಲ್ಲಿ ಪಾನಿ, ಅಂದರೆ ಶ್ರೀಮತಿ, ಎಲ್‌ಫ್ರಿಡಾ ಇಪ್ಪತ್ತೆಂಟು ವರ್ಷ ಒಂದೇ ಕೆಲಸ ಮಾಡಿದರು. ಕಲ್ಲಿದ್ದಲನ್ನು ಗಾಳಿ ಸೋಕದಂತೆ ಕಾಯಿಸಿದರೆ ಇದ್ದಿಲಿನಂಥ ಕರಿ ಉಳಿಯುತ್ತದಲ್ಲ, ಅದನ್ನು ಪುಡಿಮಾಡಿ ಕುಲುಮೆಯಲ್ಲಿಟ್ಟು, ಇಂಗಾಲದ ಡೈಆಕ್ಸೈಡ್ ಹಾಯಿಸಿ, ಅರ್ಧ ತೂಕ ಕರಗಲು ಎಷ್ಟು ನಿಮಿಷ ಹಿಡಿಯಿತೆಂದು ಬರೆಯುವುದು. ನಾನು ಅವರ ಕೈಕೆಳಗಿದ್ದವಳು. ಪುಡಿಗೆ ಬೆರಳು ತಾಗಿಸಿದೆನೋ, ಮುಗಿಯಿತು ನನ್ನ ಕಥೆ. "ಚಿಮಟ ಎಲ್ಲಿ ಹೋಯ್ತೇ? ನಿನ್ ಕೈ ಉಪ್ಪು ಸೇರಿದ್ರೆ ಎಂಥ ಕರಿನೂ ಬೇಗ ಕರಗುತ್ತೆ!"

ಆ ವರ್ಷ ಅವರ ಗಂಡ ಎರಿಕ್ ದುಡಿಯುತ್ತಿದ್ದ ಗಣಿಯ ಕಲ್ಲಿದ್ದಲೇ ಪರೀಕ್ಷೆಗೆ ಬಂತು. ಹನ್ನೆರಡು ನಿಮಿಷದೊಳಗೆ ಕರಗಿದರೆ ಹೊಸ ಅನಿಲ ಕಾರ್ಖಾನೆ ಅದನ್ನು ಕೊಳ್ಳುತ್ತದೆ. ಇಲ್ಲದಿದ್ದರೆ ಗಣಿಗೆ ಬೀಗ.

ಅವತ್ತು ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರ. ಮಾಂಸ ತಿನ್ನುವಂತಿಲ್ಲ, ಮೀನು ತಿನ್ನಬಹುದು. ಉಪ್ಪುನೀರಲ್ಲಿ ನೆನೆಸಿದ ಹೆರಿಂಗ್ ಮೀನನ್ನು ಪಾನಿಯೇ ನಮಗೆಲ್ಲ ಬಡಿಸಿದರು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡವರೇ, ಅದೇನು ಆತುರವೋ, ಪುಡಿಯನ್ನು ಬೆರಳಲ್ಲೇ ಸಮ ಮಾಡಿಬಿಟ್ಟರು. ಹನ್ನೊಂದು ನಿಮಿಷ! ಫೋನ್ ಮಾಡಿದ್ದೇ ತಡ, ಗಣಿಯವರು ಕುಣಿದಾಡಿದರಂತೆ.

ಸೋಮವಾರ ಎರಡನೇ ಸಲ ಅಳೆದರು, ಈ ಸಲ ಚಿಮಟದಲ್ಲಿ. ಹತ್ತೊಂಬತ್ತು. ಮತ್ತೆ ಅಳೆದರು. ಹತ್ತೊಂಬತ್ತೇ.

"ಅಯ್ಯೋ, ಮೀನು ಮುಟ್ಟಿದ ಕೈ ಕಣೇ," ಎಂದರು ಪಾನಿ.

"ಪಾನಿ, ಬಾಯ್ ಮುಚ್ಕೊಂಡು ಮೊದಲನೇದನ್ನೇ ಬರೀರಿ. ಯಾರಿಗ್ ಗೊತ್ತಾಗುತ್ತೆ?" ಎಂದೆ ನಾನು.

"ಕಾರ್ಖಾನೆ ಕುಲುಮೆಗೆ ಗೊತ್ತಾಗುತ್ತೆ."

ಹತ್ತೊಂಬತ್ತು ಎಂದೇ ಬರೆದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನಾಗಿದ್ದರೆ ಖಂಡಿತ ಬರೆಯುತ್ತಿರಲಿಲ್ಲ, ಈಗಲೂ ಹಾಗೇ ಹೇಳುತ್ತೇನೆ.

ಬುಧವಾರ ಎರಿಕ್ ಪತ್ರಿಕೆಯಲ್ಲಿ ಸುತ್ತಿದ ಕಲ್ಲಿದ್ದಲಿನ ಹೆಂಟೆ ಹಿಡಿದು ಬಂದ. ಮೂರು ದಿನದಿಂದ ಹೆಂಡತಿಯ ಜೊತೆ ಮಾತಿಲ್ಲ. "ಇದು ನಾನೇ ಕಿತ್ತು ತಂದಿದ್ದು. ನನ್ ಕಣ್ಮುಂದೆ ಅಳೆ."

ಪಾನಿ ಅಳೆದರು. ತೂಕ ಗೀಚುವ ಮುಳ್ಳನ್ನೇ ನೋಡುತ್ತ ಎರಿಕ್ ನಿಂತಿದ್ದ. ಹನ್ನೊಂದು ನಿಮಿಷ ದಾಟಿತು. ಹನ್ನೆರಡೂ ದಾಟಿತು. ಅವನು ಟೋಪಿ ತೆಗೆದ. ಹತ್ತೊಂಬತ್ತಕ್ಕೆ ಪಾನಿ ಅನಿಲ ನಿಲ್ಲಿಸಿದರು.

"ನೀನು ಸುಳ್ಳು ಹೇಳೋ ಹೆಂಗಸಾಗಿದ್ರೆ ಚೆನ್ನಾಗಿತ್ತು ಕಣೇ."

"ನನಗೂ ಹಾಗೇ ಅನ್ಸುತ್ತೆ," ಎಂದ ಪಾನಿ ಅತ್ತೇಬಿಟ್ಟರು. ಅವರು ಅತ್ತಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಎರಿಕ್ ವರದಿಯ ಹಾಳೆ ಎಳೆದುಕೊಂಡು, ಹೆಂಡತಿಯ ರುಜುವಿನ ಕೆಳಗೆ ತನ್ನದನ್ನೂ ಹಾಕಿದ.

"ನಿಮ್ಮ ರುಜು ಇಲ್ಲಿ ನಡೆಯಲ್ಲ," ಎಂದೆ ನಾನು.

"ಗಣೀಲಿ ನಡೆಯುತ್ತೆ," ಎಂದ. "ಬೈಯೋದಾದ್ರೆ ಇಬ್ರನ್ನೂ ಬೈಲಿ."