ಮಂಗನ ಕಾಲಿನ ಹೆಬ್ಬೆರಳು

ಸತ್ತ ಮಂಗನ ಕಾಲಿನ ಹೆಬ್ಬೆರಳುಗಳು ಒಂದಕ್ಕೊಂದು ಸೇರುತ್ತಲೇ ಇರಲಿಲ್ಲ. ಎಂಬತ್ತರ ದಶಕದ ಮಾತು. ನ್ಯಾಮತಿಯಲ್ಲಿ ಕರೆಂಟ್ ತಂತಿ ತಗುಲಿ ಸತ್ತಿದ್ದ ಅದನ್ನು ಮನುಷ್ಯರಂತೆಯೇ ಮಣ್ಣು ಮಾಡಬೇಕಿತ್ತು. ಓಣಿಯಲ್ಲಿ ಯಾರು ಸತ್ತರೂ ಹೆಬ್ಬೆರಳು ಕಟ್ಟುವ ಕೆಲಸ ನನ್ನದೇ. ಕಟ್ಟಿ ಕಟ್ಟಿ ಬೇಸತ್ತಿದ್ದೆ. ಮಂಗನ ಪಾದ ಅಂಗೈಯಂತಿತ್ತು. ಹೆಬ್ಬೆರಳು ಪಕ್ಕಕ್ಕೆ ಚಾಚಿಕೊಂಡು, ಎಷ್ಟು ಬಿಗಿದರೂ ದಾರ ಜಾರುತ್ತಿತ್ತು.

"ಇದು ಕಾಲಲ್ಲ, ಕೈ ಇದ್ದಂಗೈತೆ," ಎಂದು ಗೊಣಗಿದೆ.

"ಕೊಂಬೆ ಹಿಡಿಯಾಕೆ ಬೇಕಲ್ಲಪ್ಪ. ನಮ್ಮಂಗೆ ಬರೇ ನಡೆಯಾಕಲ್ಲ. ಬಿಟ್ಟುಬಿಡು," ಎಂದಳು ಅವ್ವ. ಕಟ್ಟದೆಯೇ ಮಣ್ಣು ಮಾಡಿದೆವು.

ಮುಂದಿನ ವರ್ಷ ಅವ್ವನ ಕಾಲಿಗೇ ದಾರ ಸುತ್ತಿದೆ. ಜೀವಮಾನವೆಲ್ಲ ನಡೆದು ಸವೆದ ಅವಳ ಹೆಬ್ಬೆರಳುಗಳು ಒಂದೇ ಸುತ್ತಿಗೆ ಕೂಡಿಕೊಂಡವು. ಅಷ್ಟು ಸುಲಭವಾಗಿ ಕೂಡಬಾರದಿತ್ತು.