ಗೌಂಡಿ ಚಾಚಾನ ಮೊದಲ ಸ್ಲ್ಯಾಬ್

ಚಾಚಾನ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಸುಣ್ಣ, ಸಿಮೆಂಟು ತಿಂದುಹಾಕಿದ್ದವು. ರೇಷನ್ ಅಂಗಡಿಯ ಮಷೀನು ಬೆರಳು ಒಲ್ಲೆ ಎಂದಾಗ, "ನನ್ನ ಗುರ್ತು ಊರ ಮನಿಗಳ ಮ್ಯಾಲ ಅದರಿ, ಹೋಗಿ ನೋಡ್ರಿ" ಎಂದು ನಗುತ್ತಿದ್ದರು. ವಾಡಿ ಊರಲ್ಲಿ ನಮ್ಮ ಓಣಿಯ ಅರ್ಧ ಮನೆಗಳಿಗೆ ಪರಸಿಕಲ್ಲಿನ ಚಪ್ಪಡಿ ಹಾಸಿ ಛತ್ತು ಹೊದಿಸಿದ, ಗಾರೆ ಕೆಲಸದ ಗೌಂಡಿ ಅವರು. ಆ ನಗುವನ್ನು ನಿಲ್ಲಿಸಿದ್ದು ನಮ್ಮ ಮನೆ.

ಕಾಂಕ್ರೀಟಿನ ಸ್ಲ್ಯಾಬ್ ಅವರಿಗೆ ನಮ್ಮದೇ ಮೊದಲು. ಸಿಮೆಂಟು, ಉಸುಕು, ಜಲ್ಲಿಯ ಖಡಿ, ನೀರು ಎಲ್ಲ ಸರಿಯಿತ್ತು. ಆದರೆ ಛತ್ತು ಪರಸಿಯಂತೆ ನುಣುಪಾಗಿ ಬರಲೆಂಬ ಆಸೆಗೆ, ಉಸುಕು ಕಡಿಮೆ ಮಾಡಿ, ಕಲ್ಲು ಪಾಲಿಶ್ ಮಾಡುವಾಗ ಬೀಳುವ ಬಿಳಿ ಪುಡಿಯನ್ನು ಕಲಸಿಬಿಟ್ಟರು. ಹಿಟ್ಟಿನಂಥ ಪುಡಿ ಹಾಕಿದ ನೀರನ್ನೆಲ್ಲ ಕುಡಿಯಿತು. ಮತ್ತೆ ನೀರು ಸುರಿದರು. ಛತ್ತು ಹೊಳೆಯಿತು, ನಿಜ. ಒಣಗುತ್ತ ಕುಗ್ಗಿ ಬಿರುಕೂ ಬಿಟ್ಟಿತು. ಮೊದಲ ಮಳೆಗೇ ಅಡುಗೆಮನೆ ಬಾಗಿಲ ಹತ್ತಿರ ಸೋರತೊಡಗಿತು.

ಒಡೆದು ಮತ್ತೆ ಹಾಕಿಕೊಡುತ್ತೇನೆಂದರು. ಅವ್ವ ಒಪ್ಪಲಿಲ್ಲ. "ಒಂದು ಬಕೇಟ್ ಇಟ್ರ ಆತು, ಬಿಡ್ರಿ ಚಾಚಾ." ಅಂದಿನಿಂದ ಅವರು ನಮ್ಮ ಹೊಸ್ತಿಲು ದಾಟಲಿಲ್ಲ. ಚಹಾ ಕೂಡ ಅಂಗಳದಲ್ಲೇ, ನಿಂತುಕೊಂಡೇ.

ಒಮ್ಮೆ ಹಿಂದಿನ ಓಣಿಯವರೊಬ್ಬರು ಗೌಂಡಿಯನ್ನು ಹುಡುಕುತ್ತ ನಮ್ಮಲ್ಲಿಗೆ ಬಂದರು. ಬಕೇಟ್ ನೋಡಿ, "ಇದ್ಯಾರ ಕೆಲಸರಿ?" ಎಂದರು. ಚಾಚಾ ಅಂಗಳದಲ್ಲೇ ಇದ್ದರು. ಅವ್ವ ಸಲೀಸಾಗಿ, "ಸೇಡಂ ಊರಿನ ಗೌಂಡಿ ಒಬ್ಬ ಬಂದಿದ್ದರಿ" ಎಂದಳು. ಎಷ್ಟು ಚೆಂದದ ಸುಳ್ಳು!

"ನಂದೇ ಅದರಿ" ಎಂದಿತು ಹೊರಗಿನ ದನಿ.

ಆ ಕೆಲಸ ಅವರಿಗೆ ಸಿಗಲಿಲ್ಲ. ತಲೆ ತಗ್ಗಿಸಿ ನಿಂತ ಅವರ ಮುಖ ನೋಡಲು ನನಗೂ ಆಗಲಿಲ್ಲ.

ಆಮೇಲೆ ಯಾರ ಮನೆಗೆ ಸ್ಲ್ಯಾಬ್ ಹಾಕಿದರೂ ಕರೆಯದೇ ಹೋಗಿ ನಿಲ್ಲುವರು. ಕಲಸಿದ್ದನ್ನು ಮುಷ್ಟಿಯಲ್ಲಿ ಹಿಡಿದು, "ನೀರು ಭಾಳ ಆಗ್ಯದ ನೋಡ್ರಿ. ಈಗ ಸಲೀಸ ಹರೀತದ, ನಾಳಿ ಸೀಳತದ. ಗಟ್ಟಿ ಆದ ಮ್ಯಾಲ ಬೇಕಾದಷ್ಟು ನೀರು ಕುಡಿಸ್ರಿ. ನಾ ಮಾಡಿ ಕೆಟ್ಟೀನಿ, ನೀವು ಕೆಡಬ್ಯಾಡ್ರಿ" ಎನ್ನುವರು. ಕೆಲಸದವರು ನಗುತ್ತಿದ್ದರು. ಆ ನಗು ಅವರಿಗೂ ಕೇಳಿಸುತ್ತಿತ್ತು.

ಹೋದ ವರ್ಷದ ಒಂದು ದೊಡ್ಡ ಮಳೆಯಲ್ಲಿ ಅಂಗಳದಲ್ಲಿ ತೊಯ್ಯುತ್ತ ನಿಂತಿದ್ದವರನ್ನು ರಟ್ಟೆ ಹಿಡಿದು ಒಳಗೆಳೆದೆ. "ಕುಂದ್ರಿ ಚಾಚಾ." ಕುರ್ಚಿ ಬೇಡವೆಂದರು. ಬಕೇಟನ್ನು ಮೆಲ್ಲಗೆ ಸರಿಸಿ ಆ ಜಾಗದಲ್ಲೇ ಕುಳಿತರು. ಹನಿ ನೆತ್ತಿಯ ಮೇಲೆ ಬೀಳುತ್ತಿತ್ತು. ಅವ್ವ ಚಹಾ ಹಿಡಿದು ನಿಂತಲ್ಲೇ ನಿಂತಳು.

"ಬಿಡು ಬೇಟಿ. ಇಷ್ಟು ದಿನ ನೀವು ತೊಯ್ಸಿಕೊಂಡ್ರಿ, ಇವತ್ತ ನಾ ತೊಯ್ಸಿಕೊಳ್ತೀನಿ" ಎಂದರು ಅವ್ವನಿಗೆ.

ಆ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಈ ಬೇಸಿಗೆಯಲ್ಲಿ ಛತ್ತು ರಿಪೇರಿಯಾಯಿತು. ಈಗ ಮಳೆ ಬಂದರೆ ಅಡುಗೆಮನೆ ಬಾಗಿಲ ಹತ್ತಿರದ ನೆಲ ಒಣಗಿಯೇ ಇರುತ್ತದೆ. ಅವರಿದ್ದಾಗ ಅವರ ಕೈಯಿಂದಲೇ ಮಾಡಿಸಲಿಲ್ಲವಲ್ಲ ಎಂದು ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ. ಆ ಒಣ ನೆಲವನ್ನು ಚಾಚಾ ನೋಡಬೇಕಿತ್ತು.